ಮುದ್ರೆ ಬೀಳದ ಟಿಕೆಟ್ಟು

"ಲೆಚ್ಚೆ ಊರಿನ ಬಸ್ಸು ಎಲ್ಲಿ ನಿಲ್ಲತೈತ್ರಿ, ಅಜ್ಜಾರ?" ದಕ್ಷಿಣ ಇಟಲಿಯ ಪುಲಿಯಾದಲ್ಲಿ ದಾರಿ ತಪ್ಪಿದ್ದ ಧಾರವಾಡದ ಅಂಬಕ್ಕ ರಸ್ತೆ ಬದಿ ಕೂತಿದ್ದ ಅಜ್ಜನೊಬ್ಬನನ್ನು ಹರಕುಮುರುಕು ಇಟಾಲಿಯನ್ನಿನಲ್ಲಿ ಕೇಳಿದಳು.

"ಇಲ್ಲೇ. ಆದರೆ ಬಸ್ಸಿನೊಳಗೆ ಟಿಕೆಟ್ಟು ಮಾರೋದಿಲ್ಲ, ಮಾರುವ ಅಂಗಡಿ ಮಧ್ಯಾಹ್ನ ಮಲಗಿರುತ್ತೆ." ಅಜ್ಜ ತನ್ನದೊಂದು ಟಿಕೆಟ್ಟು ಕೈಗಡ ಕೊಟ್ಟ. "ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಮ್ಮ."

ಬಸ್ಸು ಹತ್ತಿ ನೋಡಿದರೆ ಯಂತ್ರ ಕೆಟ್ಟಿತ್ತು. ತಪಾಸಣೆಯವನು ಮೀಸೆ ತಿರುವುತ್ತ ಬಂದ. "ಮುದ್ರೆಯಿಲ್ಲದ ಟಿಕೆಟ್ಟು ಯಾರ ಕೈಯಲ್ಲಿದೆಯೋ ಅವರಿಗೆ ದಂಡ. ಬೇರೆ ಮಾತಿಲ್ಲ."

"ನನಗ ಒತ್ತಾಕ ಬರವಲ್ದು, ಸಾಹೇಬರ. ನೀವೇ ಒತ್ತಿ ತೋರಿಸ್ರಿ."

ಅವನು ಟಿಕೆಟ್ಟು ಕಸಿದು ತುರುಕಿದ, ತಿರುವಿದ, ಯಂತ್ರಕ್ಕೆ ಗುದ್ದಿದ. ಅದು ಮಿಸುಕಲಿಲ್ಲ.

"ಈಗ ಅದು ನಿಮ್ಮ ಕೈಯಾಗ ಐತಿ. ದಂಡ ಎಷ್ಟ್ರಿ?"

ಬಸ್ಸಿಗೆ ಬಸ್ಸೇ ನಕ್ಕಿತು. ಅವನು ಕೆಂಪಗಾಗಿ, ಟಿಕೆಟ್ಟಿನ ಮೇಲೆ ಪೆನ್ನಿನಿಂದ ತಾರೀಖು ಬರೆದು ಸಹಿ ಹಾಕಿ ಕೊಟ್ಟ.

ಮರುದಿನ ಅಂಬಕ್ಕ ಅದೇ ಜಾಗಕ್ಕೆ ಮರಳಿ ಬಂದು ಅಜ್ಜನ ಕೈಗೆ ಹೊಸ ಟಿಕೆಟ್ಟಿಟ್ಟಳು. "ನಿಮ್ಮ ಕೈಗಡ ತೀರಿತ್ರಿ. ಮುದ್ರೆ ಬೀಳಲಿಲ್ಲಂದ್ರ ಆ ಮೀಸೆ ಸಾಹೇಬರನ್ನ ಕೇಳ್ರಿ. ಅಕ್ಷರ ಭಾಳ ಚೊಲೋ ಬರೀತಾರ."