ಬುಧವಾರದ ಮನೆ

"ಅಜ್ಜಾರ, ಒಂದು ವರ್ಷ ಖಾಲಿ ಬಿಟ್ಟರ ಅದು ಹಾಳಾದಂಗೇನ್ರಿ?"

ಮಠದ ಗುರುಗಳನ್ನು ಹೀಗೆ ಕೇಳಿದವಳು ದಾಕ್ಷಾಯಿಣಿ. ಅಲ್ಲಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದವಳು. ಅವಳಿಗೆ ದನಕರುಗಳ ಡಾಕ್ಟರಾಗುವ ಆಸೆ. ಆ ಸೀಟು ಈ ಸಲ ಕೂದಲೆಳೆಯ ಅಂತರದಲ್ಲಿ ತಪ್ಪಿತ್ತು. ಬೇಕೆಂದರೆ ಒಂದು ವರ್ಷ ಮನೆಯಲ್ಲಿದ್ದು ಮತ್ತೆ ಸಿಇಟಿ ಬರೆಯಬೇಕು. ಅಷ್ಟರಲ್ಲಿ ದೊಡ್ಡ ಊರಿನ ಇಂಜಿನಿಯರಿಂಗ್ ಕಾಲೇಜೊಂದು ಊಟ, ವಸತಿ, ಫೀಸು ಎಲ್ಲವೂ ನಮ್ಮದೇ ಎಂದು ಅವಳನ್ನು ಕರೆದಿತ್ತು. ಮನೆಯವರು ಓಣಿಗೆಲ್ಲ ಪೇಢೆ ಹಂಚಿದ್ದರು. ಅವಳೂ ಕೇಳಿದವರಿಗೆಲ್ಲ "ಭಾಳ ಖುಷಿ ಆಗೇದ" ಎಂದೇ ಹೇಳಿದ್ದಳು. ಗುರುಗಳಿಗೂ ಒಂದು ಡಬ್ಬಿ ತಂದಿದ್ದಳು. ನಾಳೆ ಸಂಜೆಯೊಳಗೆ ಕಾಲೇಜಿಗೆ ಒಪ್ಪಿಗೆ ತಿಳಿಸಬೇಕಿತ್ತು.

ಗುರುಗಳು ಒಂದು ಪೇಢೆ ಬಾಯಿಗೆ ಹಾಕಿಕೊಂಡರು. ಸಿಹಿ ತಿನ್ನುವಾಗ ಅವರು ಮಾತಾಡುವವರಲ್ಲ. ಅದು ಕರಗಿದ ಮೇಲೆ ಕತೆ ಶುರು ಮಾಡಿದರು.

ಒಬ್ಬ ವಿದ್ಯಾರ್ಥಿ ಇದ್ದ. ಅವನಿಗೆ ವೈದ್ಯ ಕಲಿಯಬೇಕಾಗಿತ್ತು. ಅದು ವಾರಾನ್ನದ ಕಾಲ. ಬಡ ಹುಡುಗರು ಪರವೂರಿನಲ್ಲಿ ಏಳು ಮನೆ ಗೊತ್ತುಮಾಡಿಕೊಂಡು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದರು. ಅಂದಿನ ಸ್ಕಾಲರ್‌ಶಿಪ್ಪು ಅದೇ. ಅರ್ಜಿ ಬರೆಯಬೇಕಾಗಿರಲಿಲ್ಲ, ಬಾಗಿಲಲ್ಲಿ ನಿಂತು ಕೇಳುವ ಧೈರ್ಯ ಇದ್ದರಾಯಿತು.

ಹೊಳೆಯ ಈಚೆ ಒಂದು ಊರು. ಅಲ್ಲಿ ಕೇಳುವ ಮೊದಲೇ ಏಳು ಮನೆ ಒದಗಿದವು. ಅದರಲ್ಲಿ ಮೂರು ಮನೆಗಳಲ್ಲಿ ತುಪ್ಪ ಧಾರಾಳ. ಆದರೆ ಅಲ್ಲಿಯ ಪಂಡಿತರು ಕಲಿಸುತ್ತಿದ್ದದ್ದು ವ್ಯಾಕರಣ. ಹೊಳೆಯ ಆಚೆಯ ಊರಿನಲ್ಲಿ ಒಳ್ಳೆಯ ವೈದ್ಯರಿದ್ದರು. ಅಲ್ಲಿ ಎಷ್ಟು ಬಾಗಿಲು ತಟ್ಟಿದರೂ ಸಿಕ್ಕಿದ್ದು ಆರೇ ಮನೆ. ಬುಧವಾರಕ್ಕೆ ಮನೆ ಇರಲಿಲ್ಲ.

ಹುಡುಗ ಹಠ ಮಾಡಿ ವೈದ್ಯರ ಊರಿನಲ್ಲೇ ಉಳಿದ. ಆರು ದಿನ ಉಂಡು ಗಿಡಮೂಲಿಕೆಗಳ ಶ್ಲೋಕ ಬಾಯಿಪಾಠ ಮಾಡಿದ. ಬುಧವಾರ ಬಂದರೆ ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ. ಹಸಿವನ್ನಾದರೂ ತಡೆದಾನು, ನಾಚಿಕೆಯನ್ನು ತಡೆಯುವುದು ಹೇಗೆ? ಇವನಿಗೆ ಬುಧವಾರ ಯಾರೂ ಅನ್ನ ಹಾಕುವುದಿಲ್ಲವಂತೆ ಎಂದು ಜನ ಆಡಿಕೊಂಡರೆ? ಅದಕ್ಕೊಂದು ಉಪಾಯ ಹೂಡಿದ. ಬುಧವಾರ ಮಧ್ಯಾಹ್ನ ಎಲೆಯಡಿಕೆ ಜಗಿದು, ತುಟಿ ಕೆಂಪಗೆ ಮಾಡಿಕೊಂಡು, ಬೀದಿಯಲ್ಲಿ ಒಂದು ಸುತ್ತು ಹಾಕುತ್ತಿದ್ದ. ನಡುನಡುವೆ ತೇಗುತ್ತಿದ್ದ. ನೋಡಿದವರು, ಇವತ್ತು ಎಲ್ಲೋ ಹೋಳಿಗೆ ಊಟ ಹೊಡೆದಿದ್ದಾನೆ ಎಂದುಕೊಳ್ಳುತ್ತಿದ್ದರು. ಖಾಲಿ ಹೊಟ್ಟೆಯಿಂದ ಪುಣ್ಯಾತ್ಮ ಆ ತೇಗನ್ನು ಹೇಗೆ ತರುತ್ತಿದ್ದನೋ, ನನಗಂತೂ ಗೊತ್ತಿಲ್ಲ.

ಎರಡು ತಿಂಗಳಿಗೆ ಅವನ ಹಠ ಕರಗಿತು. ಒಂದು ಬುಧವಾರ ಗಂಟು ಕಟ್ಟಿಕೊಂಡು ಏಳು ಮನೆಯ ಊರಿನ ದಾರಿ ಹಿಡಿದ. ಹೊರಡುವಾಗಲೂ ಎಲೆಯಡಿಕೆ ಹಾಕುವುದನ್ನು ಮರೆಯಲಿಲ್ಲ. ಊರ ಹೊರಗೆ ಬೇವಿನ ಮರದ ಕೆಳಗೆ ಆಡು ಕಾಯುವ ಮುದುಕಿಯೊಬ್ಬಳು ಬುತ್ತಿ ಬಿಚ್ಚಿ ಕೂತಿದ್ದಳು. ಅವಳು ಅವನ ತುಟಿ ನೋಡಿದಳು.

"ಉಂಡು ಬಂದೀ ಏನೋ ತಮ್ಮಾ?"

"ಹೂಂ ಯವ್ವಾ, ಹೊಟ್ಟಿ ತುಂಬ."

"ಹಂಗಾದ್ರ ಬಿಡು. ಎರಡು ರೊಟ್ಟಿ ಹೆಚ್ಚಾಗ್ಯಾವ, ನಾಯಿಗೆ ಹಾಕ್ತೀನಿ."

ಹಾಕಿಯೇಬಿಟ್ಟಳು. ನಾಯಿಗೂ ಅಂಥ ಹಸಿವೇನಿರಲಿಲ್ಲ. ಮೂಸಿ ಮೂಸಿ ನಿಧಾನವಾಗಿ ತಿಂದಿತು. ಹುಡುಗ ಕೊನೆಯ ಚೂರಿನ ತನಕ ನೋಡುತ್ತ ನಿಂತ. ಅವನ ಕಣ್ಣಲ್ಲಿ ನೀರು ಬಂತು. "ಉಂಡಿಲ್ಲ ಯವ್ವಾ" ಎಂದ.

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನ ಪಾಲಿನ ರೊಟ್ಟಿ ಮುರಿದು ಅರ್ಧ ಕೊಟ್ಟಳು. ಅಷ್ಟು ರುಚಿಯಾದ ಊಟವನ್ನು ಅವನು ಜನ್ಮದಲ್ಲಿ ಮತ್ತೆ ಉಣ್ಣಲಿಲ್ಲವಂತೆ.

ರೊಟ್ಟಿಯ ಋಣಕ್ಕೆ ಆ ದಿನ ಅವಳ ಜೊತೆ ಆಡು ಕಾಯ್ದ. ಓದಿದವನಲ್ಲವೇ, ಸುಮ್ಮನಿರಲಿಲ್ಲ. "ಆಡು ಮುಟ್ಟದ ಸೊಪ್ಪಿಲ್ಲ" ಎಂದು ಗಾದೆ ಹೇಳಿದ. "ಗಾದಿ ಕಟ್ಟಿದಾಂವ ಆಡು ಕಾಯ್ದಿಲ್ಲ ಬಿಡು" ಎಂದಳು ಮುದುಕಿ. ಗಬ್ಬದ ಆಡು ಯಾವ ಸೊಪ್ಪಿಗೆ ಬಾಯಿ ಹಾಕುವುದಿಲ್ಲ, ಹೊಟ್ಟೆ ಕೆಟ್ಟ ಆಡು ಯಾವ ಗಿಡವನ್ನು ಹುಡುಕಿಕೊಂಡು ಹೋಗುತ್ತದೆ, ಒಂದೊಂದಾಗಿ ತೋರಿಸಿದಳು. ಅವನು ಎರಡು ತಿಂಗಳು ಬಾಯಿಪಾಠ ಮಾಡಿದ ಗಿಡಗಳೆಲ್ಲ ಅಲ್ಲೇ ಇದ್ದವು. ಬರುವಾಗ ಅವುಗಳನ್ನು ತುಳಿದುಕೊಂಡೇ ಬಂದಿದ್ದ.

ಸಂಜೆ ಗಂಟು ಹೊತ್ತು ವೈದ್ಯರ ಊರಿಗೇ ಮರಳಿದ. ಮುಂದಿನ ಬುಧವಾರ ಎಲೆಯಡಿಕೆ ಹಾಕಲಿಲ್ಲ. ನೆಟ್ಟಗೆ ಬೇವಿನ ಮರಕ್ಕೆ ಹೋದ. ಅಲ್ಲಿಂದಾಚೆಗೆ ಮಂಗಳವಾರವೇ ಅವನ ಮುಖ ಅರಳುತ್ತಿತ್ತು. ವೈದ್ಯರು ಶ್ಲೋಕ ಹೇಳಿದರೆ ಅವನು ಗಿಡ ತಂದು ಮುಂದಿಡುತ್ತಿದ್ದ.

ವರ್ಷ ತುಂಬುವ ಹೊತ್ತಿಗೆ ಊರಿನ ವ್ಯಾಪಾರಿಯೊಬ್ಬ ಅವನನ್ನು ಕರೆದು, ಬುಧವಾರ ನಮ್ಮಲ್ಲಿ ಉಣ್ಣು, ವಾರ ವಾರ ಹೋಳಿಗೆ ಮಾಡಿಸುತ್ತೇನೆ ಎಂದ. ಹುಡುಗ ಕೈಮುಗಿದು, "ಬುಧವಾರಕ್ಕ ಮನಿ ಸಿಕ್ಕೇತ್ರಿ ಧಣ್ಯಾರ" ಎಂದ. ಯಾರ ಮನೆ ಎಂದು ವ್ಯಾಪಾರಿ ಎಷ್ಟು ಕೇಳಿದರೂ ಹೇಳಲಿಲ್ಲ. ಅದಕ್ಕೆ ಗೋಡೆ ಇಲ್ಲವೆಂದರೆ ಆತ ನಂಬುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ದಾಕ್ಷಾಯಿಣಿ ಇನ್ನೂ ನಗುತ್ತಿದ್ದಳು.

"ಎಂಥಾ ಹುಚ್ಚ ಅದಾನ್ರಿ ಅಜ್ಜಾರ! ಹಸದಾಂವ ಉಂಡೀನಿ ಅಂತ ಹೇಳಿ, ನಾಯಿ ತಿನ್ನೂದನ್ನ ನೋಡಕೋತ ನಿಂತಾನಲ್ಲ!"

ಗುರುಗಳು ಡಬ್ಬಿಯ ಮುಚ್ಚಳ ಹಾಕಿ ಅವಳತ್ತ ಸರಿಸಿದರು.

"ಪೇಢೆ ಭಾಳ ಚಲೋ ಅದಾವ ತಂಗಿ, ಆದರ ನಿನ್ನ ತುಟಿ ಯಾಕೋ ಕೆಂಪಗ ಕಾಣಾಕತ್ತಾವ."

ದಾಕ್ಷಾಯಿಣಿಯ ನಗು ನಿಂತಿತು. ಅವಳ ಕೈ ತಾನಾಗಿಯೇ ತುಟಿಗೆ ಹೋಯಿತು.