ಮಲಗಲೊಲ್ಲದ ವೈನ್

ಫ್ರಾನ್ಸಿನ ಕೆಂಪು ವೈನೊಂದು ಇಪ್ಪತ್ತೆರಡು ವರ್ಷ ನೆಲಮಾಳಿಗೆಯಲ್ಲಿ ಮಲಗಿಕೊಂಡೇ ಹದವಾಗಿ, ಕೊನೆಗೆ ನಾಣಯ್ಯನವರ ಷೋಕೇಸಿಗೆ ಬಂದು ನೆಟ್ಟಗೆ ನಿಂತಿತು. ಅದರ ಬಾಯಿಗೆ ಹಾಕಿದ್ದ ಕಾರ್ಕ್ ಬಿರಡೆಗೆ ಆರು ತಿಂಗಳಲ್ಲೇ ಮೈ ಒಣಗತೊಡಗಿತು.

“ದೊರೆಗಳೇ, ಸ್ವಲ್ಪ ಮಗ್ಗುಲಾಗಿ,” ಎಂದಿತು ಬಿರಡೆ. “ನೀವು ಮಲಗಿದ್ದರೆ ನಾನು ನೆನೆದಿರುತ್ತೇನೆ. ಒಣಗಿದರೆ ಕುಗ್ಗುತ್ತೇನೆ. ಆಮೇಲೆ ಗಾಳಿ ಒಳಗೆ ನುಗ್ಗಿ ನಿಮ್ಮನ್ನು ಹುಳಿ ಮಾಡುತ್ತದೆ.”

“ಮಲಗಿದರೆ ನನ್ನ ಲೇಬಲ್ ಯಾರು ಓದುತ್ತಾರಯ್ಯಾ?” ವೈನ್ ಗದರಿತು. “ವಿಷ ಸೋಕದ ಸಾವಯವ ತೋಟದ ದ್ರಾಕ್ಷಿ ನಾನು. ಬಣ್ಣ ನೋಡು, ಮೈಕಟ್ಟು ನೋಡು! ನೀನು ಮುಚ್ಚಳ, ಮುಚ್ಚಿಕೊಂಡಿರು.”

ಬಿರಡೆಗೆ ಮೈಯೆಲ್ಲ ಉರಿಯಿತು. ತಾನೂ ಮರದ ತೊಗಟೆಯೇ. ತನ್ನ ಮರಕ್ಕೂ ಯಾರೂ ವಿಷ ಹೊಡೆದಿರಲಿಲ್ಲ. ಅದನ್ನು ಯಾವ ಲೇಬಲ್ಲಿನಲ್ಲೂ ಬರೆಯಲಿಲ್ಲ, ಅಷ್ಟೆ. ಆದರೂ ಹಲ್ಲು ಕಚ್ಚಿಕೊಂಡು ಎರಡು ಬೇಸಿಗೆ ಗಾಜಿಗೆ ಅಂಟಿ ನಿಂತಿತು. ಮೂರನೆಯ ಬೇಸಿಗೆಗೆ ಸೋತಿತು.

ಮಗಳ ನಿಶ್ಚಿತಾರ್ಥದ ದಿನ ನಾಣಯ್ಯನವರು ಬೀಗರೆದುರು ಬಾಟಲಿ ತೆರೆದರು. ಬಿರಡೆ ಪುಡಿಪುಡಿಯಾಗಿ ಮೇಜಿನ ಮೇಲೆ ಉದುರಿತು. ಒಂದೇ ಗುಟುಕಿಗೆ ಬೀಗರ ಮುಖ ಹುಣಸೆಹಣ್ಣು ಕಚ್ಚಿದಂತಾಯಿತು.

“ಥೂ, ದರಿದ್ರ ಬಿರಡೆ! ಇಂಥ ವೈನನ್ನು ಕೆಡಿಸಿಬಿಟ್ಟಿತು!” ಎಂದು ಬೈಯುತ್ತ ನಾಣಯ್ಯನವರು ಬಾಟಲಿಯನ್ನು ಸಿಂಕಿಗೆ ಬಗ್ಗಿಸಿದರು.

“ಅಯ್ಯೋ, ನನ್ನನ್ನು ಚೆಲ್ಲುತ್ತಿದ್ದಾರೆ! ಹೇಗಾದರೂ ತಡೆದು ಹಿಡಿಯೋ, ಬಿರಡೆ!” ವೈನ್ ಕೂಗಿಕೊಂಡಿತು.

“ಇಷ್ಟು ವರ್ಷ ನಾನು ಮಾಡಿದ್ದು ಇನ್ನೇನು, ದೊರೆಗಳೇ?” ಎಂದಿತು ಮೇಜಿನ ಮೇಲಿದ್ದ ಚೂರು.