ಸೆಪ್ಪಿ ತುಂಬಿ ತಂದ ಹೂಜಿ

ಕುಡಿಯದವರೂ ಕೇಳಬಹುದು, ಕುಡಿಯುವವರಂತೂ ಕೇಳಲೇಬೇಕು. ಫ್ರಾನ್ಸ್ ದೇಶದ ಮೂಡಣ ಅಂಚಿನಲ್ಲಿ ಅಲ್ಸಾಸ್ ಅಂತ ಒಂದು ಸೀಮೆ. ಗುಡ್ಡದ ಇಳಿಜಾರಿನ ತುಂಬ ದ್ರಾಕ್ಷಿ, ಮನೆ ಮಾಡಿನ ಮೇಲೆ ಕೊಕ್ಕರೆ ಗೂಡು. ಅಲ್ಲಿನ ಬಿಳಿ ವೈನೊಂದರ ಹೆಸರು ಗೆವುರ್ಟ್ಸ್‌ಟ್ರಾಮಿನರ್. ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಾಲಿಗೆ ಒಣಗುತ್ತದೆ, ಅದಕ್ಕೇ ಕುಡಿಯುತ್ತಾರೋ ಏನೋ. ಲೋಟವನ್ನು ಮೂಗಿನ ಹತ್ತಿರ ತಂದರೆ ಗುಲಾಬಿ, ಲಿಚಿ ಹಣ್ಣು, ಶುಂಠಿ ಎಲ್ಲ ಒಟ್ಟಿಗೇ ಘಮ್ಮೆನ್ನುತ್ತವೆ.

ಆ ಸೀಮೆಯ ಒಂದು ಹಳ್ಳಿಯಲ್ಲಿ ಮದ್ಲೆನ್ ಎಂಬ ವಿಧವೆ, ಅವಳಿಗೊಬ್ಬ ಮಗ ಸೆಪ್ಪಿ. ಮೈ ಆಳೆತ್ತರ ಬೆಳೆದಿತ್ತು, ಬುದ್ಧಿ ತೊಟ್ಟಿಲಲ್ಲೇ ಉಳಿದಿತ್ತು. ಹೇಳಿದ್ದನ್ನು ಮಾಡುತ್ತಿರಲಿಲ್ಲ ಅಂತಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ, ಅದೇ ಗೋಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಮದ್ಲೆನ್‌ಗೂ ಮುದ್ದೇ, ಆದರೆ ಹೆಗ್ಗಣವಾದರೂ ಒಮ್ಮೊಮ್ಮೆ ಯೋಚನೆ ಮಾಡುತ್ತದಲ್ಲ ಅಂತ ಅವಳ ಸಂಕಟ.

ಗಂಡ ಸಾಯುವಾಗ ಬಿಟ್ಟುಹೋದದ್ದು ಒಂದು ತುಂಡು ದ್ರಾಕ್ಷಿ ತೋಟ. ವರ್ಷಕ್ಕೆ ಒಂದೇ ಪೀಪಾಯಿ ವೈನು. ಆ ಊರಿನಲ್ಲಿ ಹೊಸ ವೈನನ್ನು ಮೂವರು ರುಚಿಗಾರರು ನೋಡಿ ಒಪ್ಪಿದರೆ ಪೀಪಾಯಿಗೆ ಊರಿನ ಅರಗಿನ ಮುದ್ರೆ ಬೀಳುತ್ತದೆ, ಒಪ್ಪದಿದ್ದರೆ ಅದು ವಿನೆಗರ್ ಮಾಡುವವನ ಪಾಲು. ಗಂಡ ಇದ್ದಾಗ ತಪ್ಪದೆ ಮುದ್ರೆ ಬೀಳುತ್ತಿತ್ತು. ಅವನು ಹೋದಮೇಲೆ ಒಮ್ಮೆಯೂ ಇಲ್ಲ. ಈ ಸಲವಾದರೂ ಅವನ ತೋಟಕ್ಕೆ ಮುದ್ರೆ ಬೀಳಲಿ ಅಂತ ಮದ್ಲೆನ್ ಕಂಡ ದೇವರಿಗೆಲ್ಲ ಮೇಣದ ಬತ್ತಿ ಹಚ್ಚಿದಳು.

ಕೊಯ್ಲಿಗೆ ಹೊರಟ ಮಗನಿಗೆ, ಬುಟ್ಟಿಗೆ ಕೊಳಕು ಏನೂ ಬೀಳದ ಹಾಗೆ ನೋಡಿಕೋ ಅಂದಳು. ಸೆಪ್ಪಿ ನೋಡಿಕೊಂಡ. ಬೂಸಲು ಹಿಡಿದು ಸುಕ್ಕಿದ ಗೊಂಚಲುಗಳನ್ನೆಲ್ಲ ಕಿತ್ತು ನೆಲಕ್ಕೆ ಎಸೆದ. ಮದ್ಲೆನ್ ಅಷ್ಟು ದಿನ ಕಾದದ್ದೇ ಆ ಬೂಸಲಿಗೆ! ಮಂಜಿನಲ್ಲಿ ಅದು ಹಣ್ಣಿನ ನೀರನ್ನೆಲ್ಲ ಹೀರಿ ಜೇನಿನಂಥ ಸಿಹಿ ಉಳಿಸುತ್ತದೆ. ಅವಳು ಹಣೆ ಚಚ್ಚಿಕೊಂಡು ಒಂದೊಂದನ್ನೂ ನೆಲದಿಂದ ಆಯ್ದಳು.

"ಅಮ್ಮ, ನೀನೇ ಹೇಳಿದ್ದೆ," ಅಂದ ಸೆಪ್ಪಿ.

"ಕೊಳೆತದ್ದೇ ಬಂಗಾರ ಕಣೋ! ಇನ್ನುಮೇಲೆ ಕೊಳೆತದ್ದನ್ನ ಮನೆಗೆ ತಾ, ಚೆನ್ನಾಗಿರೋದನ್ನ ಹಕ್ಕಿಗೆ ಬಿಡು."

ಕೊಯ್ಲು ಮುಗಿಯಿತು. ಆಳುಗಳ ಊಟಕ್ಕೆ ಮೊಟ್ಟೆ, ಎಲೆಕೋಸು ತರಲು ಸೆಪ್ಪಿ ಸಂತೆಗೆ ಹೋದ. ಅಂಗಡಿ ಅಂಗಡಿ ಅಲೆದು ಕೊಳೆತದ್ದನ್ನೇ ಹುಡುಕಿದ. ಅಂಗಡಿಯವರಿಗೆ ಅಂಥ ಗಿರಾಕಿ ಜನ್ಮದಲ್ಲಿ ಸಿಕ್ಕಿರಲಿಲ್ಲ, ಪ್ರೀತಿಯಿಂದ ಕೊಟ್ಟರು. ನಡುವೆ ಬಂದ ನಾಲ್ಕು ಒಳ್ಳೆಯ ಮೊಟ್ಟೆಗಳನ್ನು ಸೆಪ್ಪಿ ನೆನಪಿಟ್ಟು ಕೊಕ್ಕರೆಯ ಮುಂದೆ ಇಟ್ಟು ಬಂದ. ಮನೆಯಲ್ಲಿ ಮೊಟ್ಟೆ ಒಡೆದದ್ದೇ ತಡ, ಆಳುಗಳು ಊಟ ಬಿಟ್ಟು ಓಡಿದರು.

"ಅಮ್ಮ, ನೀನೇ ಹೇಳಿದ್ದೆ."

"ಹೇಳಿದ್ದೆ, ನನ್ನ ಕರ್ಮ! ಇನ್ನುಮೇಲೆ ಯಾರು ಏನು ಕೊಟ್ರೂ, ರುಚಿಗಾರರು ಲೋಟ ಹಿಡಿಯೋ ಹಾಗೆ ಗಿರ್ರನೆ ತಿರುಗಿಸು, ಮೂಗಿಟ್ಟು ಮೂಸು, ಆಮೇಲೆ ತಗೋ."

ಚಳಿಗಾಲದಲ್ಲಿ ಹಿರಿಯ ರುಚಿಗಾರ ಥೀಬೋ ಯಜಮಾನರ ಮೊಮ್ಮಗುವಿಗೆ ಚರ್ಚಿನಲ್ಲಿ ನಾಮಕರಣ. ಯಾರೋ ಪುಣ್ಯಾತ್ಮರು ಮಗುವನ್ನು ಒಂದು ಗಳಿಗೆ ಸೆಪ್ಪಿಯ ಕೈಗೆ ಕೊಟ್ಟರು. ಅವನು ಮಗುವನ್ನು ಎತ್ತಿ ಗಿರ್ರನೆ ಒಂದು ಸುತ್ತು ತಿರುಗಿಸಿದ. ಬಟ್ಟೆಗೆ ಮೂಗಿಟ್ಟು ಮೂಸಿದ, ಕಣ್ಣು ಮುಚ್ಚಿ ಯೋಚಿಸಿದ. ಆಮೇಲೆ ತಾತನ ಕೈಗೇ ವಾಪಸ್ಸು ಕೊಟ್ಟು, "ಇದು ವಾಸನೆ ಬಂದಿದೆ ಯಜಮಾನ್ರೆ, ಬೇರೆ ಕೊಡಿ," ಅಂದ.

ಇಡೀ ಚರ್ಚು ನಕ್ಕಿತು, ಮಗುವೂ ನಕ್ಕಿತು. ಥೀಬೋ ನಗಲಿಲ್ಲ. ಮುದ್ರೆ ಇದ್ದದ್ದು ಥೀಬೋ ಜೇಬಿನಲ್ಲಿ. ಮದ್ಲೆನ್ ಮಗನನ್ನು ಎಳೆದುಕೊಂಡು ಮನೆಗೆ ಹೊರಟಳು.

"ಒಳ್ಳೇದು ಕೆಟ್ಟದ್ದು ಹೇಳೋಕೆ ದೊಡ್ಡೋರಿದ್ದಾರೆ ಕಣೋ, ನೀನ್ಯಾರು?" ಅಂತ ದಾರಿಯುದ್ದಕ್ಕೂ ಬೈದಳು. "ದೊಡ್ಡೋರು ಬಾಯಿಗೆ ಹಾಕಿ ನೋಡಿದ್ದನ್ನ ಬಿಟ್ಟು ಬೇರೇನನ್ನೂ ಯಾರ ಮುಂದೂ ಇಡಬೇಡ."

ಸೆಪ್ಪಿ ಆಗಲಿ ಅಂದ.

ವಸಂತ ಬಂತು, ರುಚಿಗಾರರೂ ಬಂದರು. ದೊಡ್ಡವರು ರುಚಿ ನೋಡುವುದು ನಮ್ಮ ನಿಮ್ಮ ಹಾಗಲ್ಲ. ಬಾಯಿಗೆ ಹಾಕುತ್ತಾರೆ, ಗಳಗಳ ಮುಕ್ಕಳಿಸುತ್ತಾರೆ, ಕೊನೆಗೆ ಉಗುಳುತ್ತಾರೆ. ಅದಕ್ಕೆಂದೇ ಒಂದು ತಾಮ್ರದ ಬಕೆಟ್ಟು ಅವರ ಹಿಂದೆ ಮನೆಯಿಂದ ಮನೆಗೆ ಹೋಗುತ್ತದೆ. ಇಡೀ ಬೀದಿ ಸುತ್ತಿ ಮದ್ಲೆನ್‌ಳ ನೆಲಮನೆಗೆ ಇಳಿಯುವಷ್ಟರಲ್ಲಿ ಅದು ಮುಕ್ಕಾಲು ತುಂಬಿತ್ತು. ಅವಳ ವೈನನ್ನೂ ಮುಕ್ಕಳಿಸಿದರು, ಉಗುಳಿದರು. ಥೀಬೋ ಮುಖ ಗಂಟು ಹಾಕಿಕೊಂಡೇ ಇದ್ದ. ಆಮೇಲೆ ಮೆಟ್ಟಿಲು ಹತ್ತಿ ಬಂದು ಮೇಜಿಗೆ ಕೂತು, ಚೀಸ್ ಜೊತೆ ಎರಡನೆಯ ಲೋಟವನ್ನು ನುಂಗಿ ತೀರ್ಪು ಹೇಳುವುದು ಪದ್ಧತಿ. ಹೂಜಿ ತುಂಬಿ ತಾ ಅಂತ ಮದ್ಲೆನ್ ಮಗನನ್ನು ಕೆಳಗೆ ಕಳಿಸಿದಳು.

ಸೆಪ್ಪಿ ತುಂಬಿ ತಂದ. ಮೂವರೂ ತಿರುಗಿಸಿದರು, ಮೂಸಿದರು, ನುಂಗಿದರು. ಥೀಬೋ ಕಣ್ಣು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಗುಲಾಬಿ ಇದೆ ಅಂದ. ಶುಂಠಿ ಇದೆ ಅಂದ ಇನ್ನೊಬ್ಬ. ಇದರಲ್ಲಿ ನಮ್ಮ ಇಡೀ ಗುಡ್ಡವೇ ಇದೆ ಅಂದ ಮೂರನೆಯವ. ಆ ಮಾತು ಮಾತ್ರ ನೂರಕ್ಕೆ ನೂರು ನಿಜ. ಥೀಬೋ ಮೊಮ್ಮಗುವನ್ನು ಮೂಸಿದ ಸಿಟ್ಟನ್ನೂ ಮರೆತು ಅರಗು ಕರಗಿಸಿ, ಕೆಳಗಿಳಿದು, ಪೀಪಾಯಿಗೆ ಮುದ್ರೆ ಒತ್ತಿಯೇಬಿಟ್ಟ. ಮದ್ಲೆನ್ ಗಂಡನ ಹೆಸರು ಹೇಳಿ ಅತ್ತಳು.

"ಇಂಥ ವೈನು ಎಲ್ಲಿಂದ ತಂದೆಯೋ ಹುಡುಗ?" ಅಂತ ಥೀಬೋ ಸೆಪ್ಪಿಯ ಬೆನ್ನು ತಟ್ಟಿದ.

"ನಿಮ್ಮ ಬಾಯಿಂದಲೇ ಯಜಮಾನ್ರೆ," ಅಂದ ಸೆಪ್ಪಿ, ಖಾಲಿ ಬಕೆಟ್ಟು ತೋರಿಸಿ. "ಪೀಪಾಯಲ್ಲಿ ಉಳಿದದ್ದನ್ನ ದೊಡ್ಡೋರು ಯಾರೂ ಇನ್ನೂ ಬಾಯಿಗೆ ಹಾಕಿರ್ಲಿಲ್ಲವಲ್ಲ."

ಮೂವರ ಬಾಯಲ್ಲೂ ಬಿಸಿ ತುಪ್ಪ. ಮುದ್ರೆ ಕೀಳಬೇಕಾದರೆ ಕಾರಣ ಊರಿಗೆ ಹೇಳಬೇಕು. ಹೇಳಿದರೆ ತಮ್ಮ ಎಂಜಲನ್ನು ತಾವೇ ಹೊಗಳಿದ ಸುದ್ದಿ ಗುಡ್ಡದಾಚೆಗೂ ಹೋಗುತ್ತದೆ. ಥೀಬೋ ಟೋಪಿ ತೊಟ್ಟು, ಒಳ್ಳೆಯ ವೈನು ಅಂತ ಗೊಣಗಿ ಹೊರಟ. ಉಳಿದಿಬ್ಬರು ಹಿಂದೆಯೇ ಹೋದರು, ಬಕೆಟ್ಟನ್ನು ಮರೆತು.

ಮದ್ಲೆನ್ ಬೈಯಲು ಬಾಯಿ ತೆರೆದಳು. ಅರಗಿನ ಮುದ್ರೆ ನೋಡಿದಳು. ಹೊಸ ಬುದ್ಧಿ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. "ಬಾಯಿ ಮುಚ್ಕೊಂಡಿರು, ಅಷ್ಟು ಸಾಕು," ಅಂದಳು.

ಸೆಪ್ಪಿ ಮುಚ್ಚಿಕೊಂಡ. ಅಂದು ಸಂಜೆ ಹಬ್ಬದಡಿಗೆ ಮಾಡಿ ತಟ್ಟೆ ಮುಂದಿಟ್ಟರೂ ತೆರೆಯಲಿಲ್ಲ. ಬೇಡಿದಳು, ಅತ್ತಳು, ಅವನ ಮೂಗು ಹಿಡಿದಳು. ಕೊನೆಗೆ ಅಲ್ಸಾಸಿನ ಆ ತಾಯಿ ಥೀಬೋ ಯಜಮಾನರನ್ನೇ ಕರೆತಂದು, ಮೊದಲ ತುತ್ತನ್ನು ಅವರ ಬಾಯಿಗೆ ಹಾಕಿಸಿ, ದೊಡ್ಡೋರು ನೋಡಿದ್ದಾಯ್ತು, ಈಗ ಬಾಯಿ ತೆರೆ ಅಂದ ಮೇಲೆಯೇ ಮಗ ಉಂಡದ್ದು.